ರಾಜ ಹೋದ, ದೇವಿ ಉಳಿದಳು: ಗೋರ್ಖಾ ಬೆಟ್ಟದ ಕಥೆ

ನೇಪಾಳ ಅಂದ್ರೆ ನಮ್ಮವರ ಪ್ಲ್ಯಾನ್ ಸಾಮಾನ್ಯವಾಗಿ ಒಂದೇ ಥರ: ಕಠ್ಮಂಡು, ಪಶುಪತಿನಾಥ, ಒಂದಿಷ್ಟು ರುದ್ರಾಕ್ಷಿ, ವಾಪಸ್. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡೋ ಭಟ್ಟರು ಕರ್ನಾಟಕ ಮೂಲದವರು ಅನ್ನೋದೂ ಹಲವರಿಗೆ ಗೊತ್ತು. ಆದ್ರೆ ನೇಪಾಳ ಅನ್ನೋ ದೇಶದ ಕಥೆ ಶುರುವಾಗೋದು ಅಲ್ಲಿಂದ ಸುಮಾರು 140 ಕಿ.ಮೀ. ಪಶ್ಚಿಮಕ್ಕಿರುವ ಗೋರ್ಖಾದಲ್ಲಿ. ಇವತ್ತು ಅಲ್ಲಿಗೆ ಹೋಗೋಣ.

ಊರಿನ ಮೇಲಿನ ಬೆಟ್ಟದ ತುದಿಯಲ್ಲಿದೆ ಗೋರ್ಖಾ ದರ್ಬಾರ್. ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗುತ್ತೆ, ನಿಜ. ಪೃಥ್ವಿ ನಾರಾಯಣ ಶಾ ಹುಟ್ಟಿದ್ದು ಇಲ್ಲೇ. 1743ರಲ್ಲಿ ಪಟ್ಟಕ್ಕೆ ಬಂದವನು 1768ರಲ್ಲಿ ಕಠ್ಮಂಡುವನ್ನೇ ಗೆದ್ದ. ನನಗೆ ಇಲ್ಲಿ ವಿಶೇಷ ಅನಿಸಿದ್ದು ಏನು ಗೊತ್ತಾ? ಅರಮನೆ ಬೇರೆ, ದೇವಸ್ಥಾನ ಬೇರೆ ಅಂತಿಲ್ಲ. ಅರಮನೆಯ ಒಂದು ಭಾಗವೇ ಕಾಳಿಕಾ ಗುಡಿ. ಸ್ವಲ್ಪ ಕೆಳಗೆ ಗೋರಖನಾಥರ ಗುಹೆ. ಊರಿಗೆ ಹೆಸರು ಬಂದದ್ದೂ ಅವರಿಂದಲೇ ಅಂತಾರೆ.

ಯಾಕೆ ಹೀಗೆ? ಗೋರ್ಖಾ ಆಗ ಚಿಕ್ಕ ಬೆಟ್ಟದ ರಾಜ್ಯ. ದುಡ್ಡು ಕಮ್ಮಿ, ಸುತ್ತ ಎದುರಾಳಿಗಳು. ಅಂಥ ಕಡೆ ‘ದೇವಿ ನಮ್ಮ ರಾಜನ ಜೊತೆಗಿದ್ದಾಳೆ’ ಅನ್ನೋ ನಂಬಿಕೆಯೂ ಒಂದು ಬಲವೇ.

ಅದೇ ಜಿಲ್ಲೆಯ ಮನಕಾಮನಾ ದೇವಿಯ ಕಥೆ ಇನ್ನೂ ಮಜವಾಗಿದೆ. ಗೋರ್ಖಾದ ರಾಣಿಯೊಬ್ಬಳು ಸಾಕ್ಷಾತ್ ದೇವಿಯಾಗಿದ್ದಳಂತೆ. ಆ ಗುಟ್ಟು ಗೊತ್ತಿದ್ದದ್ದು ಭಕ್ತ ಲಖನ್ ಥಾಪಾಗೆ ಮಾತ್ರ. ಆತ ಮಗರ್ ಸಮುದಾಯದವನು. ಇಂದಿಗೂ ಅಲ್ಲಿ ಪೂಜೆ ಮಾಡೋದು ಆತನ ವಂಶಸ್ಥರೇ. ಮೊದಲು ಗಂಟೆಗಟ್ಟಲೆ ಬೆಟ್ಟ ಹತ್ತಬೇಕಿತ್ತು. 1998ರಿಂದ ಕೇಬಲ್ ಕಾರ್ ಇದೆ, ಹತ್ತು ನಿಮಿಷ ಸಾಕು. ಬಲಿಗೆ ಒಯ್ಯುವ ಆಡಿಗೂ ಟಿಕೆಟ್ ಉಂಟು. ಅದು ಒನ್ ವೇ ಮಾತ್ರ! ಕೇಳಿ ನಗು ಬಂದರೂ ಆಮೇಲೆ ಮನಸ್ಸು ಭಾರವಾಗುತ್ತೆ.

2008ರಲ್ಲಿ ನೇಪಾಳ ಗಣರಾಜ್ಯವಾಯ್ತು, ಶಾ ವಂಶದ ಆಳ್ವಿಕೆ ಮುಗೀತು. 2015ರ ಏಪ್ರಿಲ್ 25ರ 7.8 ತೀವ್ರತೆಯ ಭೂಕಂಪದ ಕೇಂದ್ರ ಇದೇ ಗೋರ್ಖಾ ಜಿಲ್ಲೆ. ಅರಮನೆಗೂ ಮನಕಾಮನಾ ಗುಡಿಗೂ ಪೆಟ್ಟು ಬಿತ್ತು. ಗುಡಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ರು, ಭಕ್ತರ ಸಾಲು ಕರಗಲೇ ಇಲ್ಲ.

ರಾಜನಿಗೆ ದೇವಿ ಬೇಕಿತ್ತು. ದೇವಿಗೆ ರಾಜ ಬೇಕಾಗಿರಲಿಲ್ಲ. ನನಗೆ ಗೋರ್ಖಾ ಹೇಳಿದ್ದು ಇಷ್ಟೇ. ನೇಪಾಳಕ್ಕೆ ಹೋದ್ರೆ ಒಂದು ದಿನ ಜಾಸ್ತಿ ಇಟ್ಕೊಳ್ಳಿ. ಮತ್ತೆ ಸಿಗೋಣ!