ಕಿಸೆಗೂ ಕಿವಿಗೂ ಹಿತವಾದ ಗಾನಯಂತ್ರ

ಊರು ಬಿಟ್ಟು ಬಂದವರ ಮನೆಗಳಲ್ಲಿ ಮಾತೃಭಾಷೆ ಉಳಿಯುವ ತಾವು ಎರಡು: ಅಡಿಗೆಮನೆಯ ಮಾತು, ನಡುಮನೆಯ ಹಾಡು. 1965ರಲ್ಲಿ ಮದ್ರಾಸ್ ರಿಫೈನರೀಸ್ ಸಂಸ್ಥೆ ಸ್ಥಾಪನೆಗೊಂಡು, 1969ರಲ್ಲಿ ಅದರ ತೈಲ ಶುದ್ಧೀಕರಣಾಗಾರ ಕೆಲಸ ಆರಂಭಿಸಿದ ತರುವಾಯ ಮಣಲಿಯ ಸ್ವರೂಪವೇ ಬದಲಾಯಿತು. ಉದ್ಯೋಗ ನಿಮಿತ್ತ ಇಂಥ ಪ್ರದೇಶದಲ್ಲಿ ನೆಲೆನಿಂತ ಕನ್ನಡ ಕುಟುಂಬಕ್ಕೆ ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಕಾಳಿಂಗರಾಯರ ಭಾವಗೀತೆಗಳು ಬರಿಯ ಮನೋರಂಜನೆಯಲ್ಲ; ತವರಿನೊಡನೆ ಉಳಿದ ನಂಟು.

ಮಕ್ಕಳು ದೂರದ ಊರುಗಳಿಗೆ ತೆರಳಿ, ವೃದ್ಧ ದಂಪತಿಗಳಷ್ಟೇ ಉಳಿದ ಮನೆಯಲ್ಲಿ ಗಾನಯಂತ್ರ ಕೆಟ್ಟರೆ ಮನೆಯೇ ಮೂಕವಾಗುತ್ತದೆ. ಹದಿನೈದು ಕಿಲೋ ತೂಕದ ಪೆಟ್ಟಿಗೆಯನ್ನು ಹೊತ್ತು ಮೌಂಟ್ ರೋಡಿನ ಬಳಿಯ ರಿಚಿ ಸ್ಟ್ರೀಟಿಗೆ ಹೋಗುವವರಾರು? ಆದುದರಿಂದ ಕೊಳ್ಳುವಾಗ ‘ಎಷ್ಟು ಚೆನ್ನಾಗಿ ಹಾಡುತ್ತದೆ’ ಎಂಬುದರ ಜೊತೆಗೆ ‘ಎಷ್ಟು ಕಾಲ ತೊಂದರೆ ಕೊಡದೆ ಹಾಡುತ್ತದೆ’ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ವಿವೇಕ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನ್ಮತಾಳಿದ ಟ್ರಾನ್ಸಿಸ್ಟರು ಈ ಪ್ರಶ್ನೆಗೆ ಮುಖ್ಯ ಉತ್ತರವಾಯಿತು. ಅದಕ್ಕೆ ಹಿಂದಿನ ವಾಲ್ವುಗಳಲ್ಲಿ ತಂತಿ ಕಾಯಬೇಕು, ನೂರಾರು ವೋಲ್ಟಿನ ವಿದ್ಯುತ್ತು ಹರಿಯಬೇಕು. ದೀಪದ ಬತ್ತಿಯಂತೆ ಅವು ಸವೆಯುತ್ತಲೂ ಹೋಗುತ್ತವೆ. ಘನಸ್ಥಿತಿಯ ಅರೆವಾಹಕದಲ್ಲಿ ಕಾಯಿಸಬೇಕಾದ ತಂತಿಯೂ ಇಲ್ಲ, ಒಡೆಯುವ ಗಾಜೂ ಇಲ್ಲ. ವಾಲ್ವಿನ ಧ್ವನಿಗೆ ತನ್ನದೇ ಮಾಧುರ್ಯವಿದೆ ಎಂಬ ರಸಿಕರ ಮಾತನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಮಾಧುರ್ಯದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಒಂದು ಉದಾಹರಣೆಯನ್ನು ನೋಡಬಹುದು. 120 ವ್ಯಾಟ್ ಹೀರುವ ವಾಲ್ವ್ ಆಂಪ್ಲಿಫೈಯರನ್ನು ದಿನಕ್ಕೆ 3 ಗಂಟೆ ನಡೆಸಿದರೆ ವರ್ಷಕ್ಕೆ ಸುಮಾರು 131 ಯೂನಿಟ್ ವಿದ್ಯುತ್ತು ಬೇಕು. ಸರಾಸರಿ 25 ವ್ಯಾಟ್ ಬಳಸುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ 27 ಯೂನಿಟ್ ಸಾಕು. ವಾಲ್ವಿನ ಆಯುಸ್ಸು 3000 ಗಂಟೆಯೆಂದು ಇಟ್ಟುಕೊಂಡರೆ, ಮೂರು ವರ್ಷ ತುಂಬುವ ಮೊದಲೇ ಹೊಸ ವಾಲ್ವುಗಳ ವೆಚ್ಚ ಎದುರಾಗುತ್ತದೆ. ಕೊಳ್ಳುವ ಬೆಲೆ ಒಮ್ಮೆ ಕೊಡುವಂಥದು. ಉಸ್ತುವಾರಿಯ ವೆಚ್ಚ ಸಾಲದ ಬಡ್ಡಿಯಂತೆ ಮರಳಿ ಮರಳಿ ಬರುವಂಥದು.

ಆದರೆ ಘನಸ್ಥಿತಿಯ ಯಂತ್ರಗಳಿಗೂ ಶತ್ರುಗಳುಂಟು. ಮೊದಲನೆಯದು ಶಾಖ. ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಸ್ಸು, ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು ಗಾಳಿ. ಕಡಲ ಸಮೀಪದ ತೇವ, ಉಪ್ಪು, ಅದರೊಡನೆ ಕೈಗಾರಿಕಾ ಪ್ರದೇಶದ ಗಂಧಕಯುಕ್ತ ಅನಿಲ ಸೇರಿದರೆ ಬೆಳ್ಳಿ, ತಾಮ್ರ ಕಪ್ಪಿಡುತ್ತವೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದನ್ನು ಗೃಹಿಣಿಯರು ಬಲ್ಲರು. ಸ್ವಿಚ್ಚಿನ ಒಳಗಿನ ಸಂಪರ್ಕಗಳಲ್ಲಿ ನಡೆಯುವುದೂ ಅದೇ. ಗುಂಡಿ ತಿರುಗಿಸುವಾಗ ಕೇಳುವ ಕರಕರ ಸದ್ದಿಗೆ ಬಹುಮಟ್ಟಿಗೆ ಈ ಮಲಿನತೆ ಅಥವಾ ಸವೆತವೇ ಕಾರಣ.

ಆದುದರಿಂದ ಆಯ್ಕೆಯಲ್ಲಿ ಕೆಲವು ಅಂಶಗಳನ್ನು ಗಮನಿಸಬೇಕು. ಬಿಡಿ ಪೆಟ್ಟಿಗೆಗಳು ಕಡಿಮೆಯಾದಷ್ಟೂ ಕೆಡುವ ಸಂಪರ್ಕಗಳು ಕಡಿಮೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್ಲಿಫೈಯರ್ ಲೇಸು. ಅದರಲ್ಲಿ ಫ್ಯಾನ್ ಇರದೆ ಗಾಳಿಯಿಂದಲೇ ತಣಿಯುವ ಏರ್ಪಾಡು, ಮುಚ್ಚಿದ ರಿಲೇಗಳು, ಚಿನ್ನದ ಲೇಪವುಳ್ಳ ಸಂಪರ್ಕಗಳು ಇರಲಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಾಗ ಸ್ಪೀಕರನ್ನು ಕಾಪಾಡುವ ರಕ್ಷಣಾ ಮಂಡಲ ಅತ್ಯವಶ್ಯ. ಸ್ಪೀಕರಿನ ಕಾಗದದ ಸುತ್ತಲಿನ ಅಂಚು ಫೋಮಿನದಾಗಿದ್ದರೆ ಸೆಕೆ ತೇವಗಳಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನ ಅಂಚು ಬಹುಕಾಲ ಬಾಳುತ್ತದೆ. ಒಂದು ವ್ಯಾಟಿಗೆ 84 ಡೆಸಿಬಲ್ ಕೊಡುವ ಸ್ಪೀಕರಿಗಿಂತ 90 ಡೆಸಿಬಲ್ ಕೊಡುವ ಸ್ಪೀಕರಿಗೆ ನಾಲ್ಕನೆಯ ಒಂದು ಭಾಗದಷ್ಟು ಶಕ್ತಿ ಸಾಕು. ಆಗ ಯಂತ್ರವೂ ತಣ್ಣಗಿರುತ್ತದೆ. ಹಳೆಯ ಕ್ಯಾಸೆಟ್ಟುಗಳ ಹಾಡುಗಳನ್ನು ಒಮ್ಮೆ ಪೆನ್‌ಡ್ರೈವಿಗೆ ಇಳಿಸಿಕೊಂಡು, ಮತ್ತೊಂದರಲ್ಲಿ ಪ್ರತಿಯನ್ನೂ ಇಟ್ಟುಕೊಂಡರೆ ಬೆಲ್ಟು, ಮೋಟಾರುಗಳ ಕಾಟ ತಪ್ಪುತ್ತದೆ.

ಬಳಕೆಯಲ್ಲೂ ಎಚ್ಚರ ಬೇಕು. ಯಂತ್ರದ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಡುವುದು ಅಂದಕ್ಕೆ ಸರಿ, ಯಂತ್ರಕ್ಕೆ ಉಸಿರುಗಟ್ಟು. ಸುತ್ತಲೂ ಗೇಣುದ್ದ ಜಾಗ ಬಿಡಬೇಕು. ಕರಕರ ಸದ್ದಿಗೆ ಕೊಬ್ಬರಿ ಎಣ್ಣೆ ಮದ್ದಲ್ಲ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವುದು ಕ್ಷೇಮ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲಿ ಉತ್ತರ ಚೆನ್ನೈಯ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಯಂತ್ರವನ್ನು ನೆಲದ ಬಳಿ ಇಡಲಾರರು. ನೀರು ಹೊಕ್ಕ ಯಂತ್ರವನ್ನು ತಜ್ಞರು ಪರೀಕ್ಷಿಸುವವರೆಗೆ ವಿದ್ಯುತ್ತಿಗೆ ಜೋಡಿಸಲೇಬಾರದು.

ಇನ್ನು ಬದಲಿ ಭಾಗವೇ ಸಿಗದ ಯಂತ್ರವೊಂದಿದೆ; ಅದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 89 ಡೆಸಿಬಲ್ ತಲುಪಿದಾಗ ಉಳಿಯುವುದು 5 ಗಂಟೆ ಮಾತ್ರ. ಕಾರ್ಖಾನೆಯ ಗದ್ದಲದಲ್ಲಿ ದಶಕಗಳನ್ನು ಕಳೆದವರ ಕಿವಿ ಈ ಠೇವಣಿಯ ಬಹುಭಾಗವನ್ನು ಆಗಲೇ ವ್ಯಯಮಾಡಿರುತ್ತದೆ. ವಯಸ್ಸಾದಂತೆ ಮೊದಲು ಮಂದವಾಗುವುದು ಎತ್ತರದ ಸ್ವರಗಳ ಗ್ರಹಣ. ಹಾಡು ಕೇಳಿಸಿದರೂ ಸಾಹಿತ್ಯ ಸ್ಪಷ್ಟವಾಗದಿದ್ದಾಗ ಧ್ವನಿ ಹೆಚ್ಚಿಸುವುದರಿಂದ ಪ್ರಯೋಜನ ಅಲ್ಪ, ಅಪಾಯ ಅಧಿಕ. ಸ್ಪೀಕರನ್ನು ಆಸನದ ಹತ್ತಿರಕ್ಕೆ ತರುವುದು, ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಸರಿಯಾದ ಮಾರ್ಗ. ಮೈಸೂರಿಗೆ ಹೋಗಿಬರುವವರಿಗೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸುಪರಿಚಿತ.

ಆಡಂಬರದ ಯಂತ್ರ ಅತಿಥಿಗಳಿಗಾಗಿ. ನೆಚ್ಚಿನ ಯಂತ್ರ ಮನೆಯವರಿಗಾಗಿ. ನಸುಕಿನಲ್ಲಿ ಅಜ್ಜಿಯೊಬ್ಬರು ಯಾರ ಸಹಾಯವೂ ಇಲ್ಲದೆ ಒಂದು ಗುಂಡಿ ಒತ್ತಿದಾಗ ಪುರಂದರದಾಸರ ಕೀರ್ತನೆ ಮೆಲುದನಿಯಲ್ಲಿ ಸ್ಪಷ್ಟವಾಗಿ ಕೇಳಿಬಂದರೆ, ಆ ಮನೆಯ ಆಯ್ಕೆ ಸರಿಯಾಗಿದೆ ಎಂದೇ ಅರ್ಥ.