ಕೆಂಪು ಕಲ್ಲಿನೊಳಗಿನ ತಂಪು: ಬೀದರಿನ ಬೇಸಿಗೆ ಅಡ್ಡಾಟ

‘ಮೇ ತಿಂಗಳಲ್ಲಿ ಬೀದರಿಗಾ? ತಲೆ ಸರಿ ಇದೆಯಾ?’ ರಜೆ ಹಾಕಿದಾಗಲೆಲ್ಲ ಆಫೀಸಿನಲ್ಲಿ ಕೇಳಿಬರುವ ಮಾತಿದು. ಕೇಳುವವರದ್ದೇನೂ ತಪ್ಪಿಲ್ಲ. ಕರ್ನಾಟಕದ ಭೂಪಟದ ನೆತ್ತಿಯ ಮೇಲಿರುವ ನಮ್ಮೂರಲ್ಲಿ ಮೇ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಆಸುಪಾಸು ಇರುತ್ತದೆ. ಹನ್ನೊಂದು ದಾಟಿದರೆ ರಸ್ತೆ ಖಾಲಿ.

ಆದರೂ ಅಕ್ಕನ ಮಕ್ಕಳಿಗೆ ಶಾಲೆ ರಜೆ ಬಿತ್ತೆಂದರೆ ನಾವು ಹೊರಡೋದೇ. ಅವ್ವನಿಗೆ ಮೊಣಕಾಲು ನೋವು, ಊಟಿ-ಕೊಡಗು ಅಂತ ರಾತ್ರಿಯೆಲ್ಲ ಪ್ರಯಾಣ ಮಾಡೋಕಾಗಲ್ಲ. ಹಾಗಾಗಿ ನಮ್ಮದು ಒಂದೇ ನಿಯಮ: ಬೆಳಿಗ್ಗೆ ಹೊರಟರೆ ಹತ್ತಕ್ಕೆ ಮನೆ, ಸಂಜೆ ಹೊರಟರೆ ಕತ್ತಲಾಗುವಷ್ಟರಲ್ಲಿ ಮನೆ. ಇಷ್ಟರಲ್ಲೇ ನೋಡುವಂಥದ್ದು ಏನಿದೆ ಅಂತೀರಾ? ನೀರಿದೆ!

ಗುಟ್ಟು ಕಲ್ಲಿನಲ್ಲಿದೆ

ಬೀದರ್ ಕೂತಿರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲೆ. ಮೇಲಿನ ಪದರ ಕೆಂಪು ಜಂಬಿಟ್ಟಿಗೆ ಕಲ್ಲು, ಮೈತುಂಬ ತೂತು. ಮಳೆ ಬಿದ್ದರೆ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು ಇರುವುದರಿಂದ ನೀರು ಸುಲಭವಾಗಿ ಇನ್ನೂ ಕೆಳಕ್ಕೆ ಇಳಿಯುವುದಿಲ್ಲ, ಅಡ್ಡಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ನಮ್ಮೂರಿನ ಪುಣ್ಯಕ್ಷೇತ್ರಗಳಲ್ಲಿ ಹಲವು ಹುಟ್ಟಿಕೊಂಡಿರುವುದು ಇಂಥ ಒರತೆಗಳ ಹತ್ತಿರವೇ. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿಬಿಟ್ಟರೆ ಸಾಕು, ಆಮೇಲೆ ‘ಇಲ್ಲಿ ನೀರು ಎಲ್ಲಿಂದ ಬರ್ತದ?’ ಅಂತ ಅವರೇ ಹುಡುಕಲು ಶುರುಮಾಡುತ್ತಾರೆ.

ಝರಣಿಯ ಸುರಂಗ

ಮೊದಲ ಬೆಳಿಗ್ಗೆ ಝರಣಿ ನರಸಿಂಹನಿಗೆ ಮೀಸಲು. ಊರಂಚಿನ ಈ ಗುಹಾ ದೇವಾಲಯದಲ್ಲಿ ಸುಮಾರು 300 ಮೀಟರ್ ಸುರಂಗದೊಳಗೆ ನೀರಿನಲ್ಲೇ ನಡೆದು ಹೋಗಬೇಕು. ನೀರು ಕೆಲವು ಕಡೆ ಸೊಂಟದ ಮಟ್ಟ, ಕೆಲವು ಕಡೆ ಎದೆಮಟ್ಟ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾರೆ. ತಲೆಯ ಮೇಲೆ ಬಾವಲಿಗಳು. ಹೊರಗೆ ಕಾದ ಹೆಂಚಿನಂಥ ಬಿಸಿಲು, ಒಳಗೆ ತಣ್ಣನೆಯ ನೀರು. ಅವ್ವ ಒಳಗೆ ಬರುವುದಿಲ್ಲ, ಮೆಟ್ಟಿಲ ಬಳಿ ನೆರಳಲ್ಲಿ ಕೂತು ಎಲ್ಲರ ಚಪ್ಪಲಿ, ಮೊಬೈಲು ಕಾಯುತ್ತಾಳೆ. ಜನ ಹೆಚ್ಚಾದರೆ ಒಳಗೆ ಗಾಳಿ ಕಡಿಮೆಯಾಗುತ್ತದೆ. ಆಸ್ತಮಾ, ಬಿಪಿ ಇರುವವರು ಅವ್ವನ ಹಾಗೆ ಹೊರಗೇ ಇರುವುದು ಒಳ್ಳೆಯದು.

ಝೀರಾದ ಸಿಹಿ ನೀರು

ಇನ್ನೊಂದು ದಿನ ಗುರುನಾನಕ್ ಝೀರಾ. ದಕ್ಷಿಣದ ಯಾತ್ರೆಯಲ್ಲಿ ಬಂದ ನಾನಕರು ತಮ್ಮ ಪಾದುಕೆಯಿಂದ ಕಲ್ಲು ಸರಿಸಿದಾಗ ಸಿಹಿನೀರಿನ ಒರತೆ ಚಿಮ್ಮಿತು ಅನ್ನುವುದು ಇಲ್ಲಿನ ನಂಬಿಕೆ. ಖಾಲ್ಸಾ ಪಂಥದ ಮೊದಲ ಐವರು, ಅಂದರೆ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ತಲೆಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋದರೆ ಅಮೃತಶಿಲೆಯ ನೆಲವೇ ಅರ್ಧ ಆಯಾಸ ಇಳಿಸುತ್ತದೆ. ಲಂಗರಿನಲ್ಲಿ ಸಾಲಾಗಿ ಕೂತು ರೊಟ್ಟಿ-ದಾಲ್ ಉಣ್ಣುವಾಗ ಪಕ್ಕದಲ್ಲಿ ಕೂತವರು ಯಾರು, ಯಾವೂರಿನವರು ಅಂತ ಯಾರೂ ಕೇಳುವುದಿಲ್ಲ. ಪೈಸೆ ಖರ್ಚಿಲ್ಲ. ಊಟ ಆದ ಮೇಲೆ ತಟ್ಟೆ ತೊಳೆಯುವ ಸೇವೆಗೆ ಮಕ್ಕಳನ್ನು ನಿಲ್ಲಿಸಿ ನೋಡಿ, ಮನೆಯಲ್ಲಿ ಲೋಟ ಎತ್ತಿಡದವರೂ ಅಲ್ಲಿ ಪಾಳಿ ಹಚ್ಚುತ್ತಾರೆ!

ಸಂಜೆಗೆ ಅಷ್ಟೂರು

ಸಂಜೆ ಐದರ ನಂತರ ಬುತ್ತಿ ಕಟ್ಟಿಕೊಂಡು ಅಷ್ಟೂರಿಗೆ. ಊರಿನಿಂದ ಮೂರ್ನಾಲ್ಕು ಕಿ.ಮೀ. ದೂರದಲ್ಲಿ, ಹೊಲಗಳ ನಡುವೆ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳಿವೆ. ಅರ್ಧ ಗುಮ್ಮಟ ಒಡೆದು ಬಿದ್ದಿರುವುದು ಹುಮಾಯೂನನದ್ದು, ಸಿಡಿಲು ಬಡಿದದ್ದಂತೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾ ವಲಿಯ ಗೋರಿಯೊಳಗೆ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ. ಇಲ್ಲಿನ ಜಾತ್ರೆಗೆ ಹಿಂದೂ-ಮುಸ್ಲಿಂ ಇಬ್ಬರೂ ಸೇರುತ್ತಾರೆ. ಹೊರಗೆ ಜಮಖಾನ ಹಾಸಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಬಿಚ್ಚಿದರೆ ಆಯ್ತು.

ನೌಬಾದಿನ ಬಾವಿಗಳು

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಜಾಗ ನೌಬಾದ್. ಇಲ್ಲಿ ನೆಲದಡಿ ಹರಿಯುವ ಕರೇಜ್ ಇದೆ. ನಮ್ಮವರ ಬಾಯಲ್ಲಿ ಅದು ಸುರಂಗ ಬಾವಿ. ಪರ್ಷಿಯಾದ ಈ ತಂತ್ರಜ್ಞಾನ ಇಲ್ಲಿಗೆ ಬಂದದ್ದು 15ನೇ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ. ಸುಮಾರು 3 ಕಿ.ಮೀ. ಉದ್ದದ ಸುರಂಗ, ನಡುನಡುವೆ ಗಾಳಿ-ಬೆಳಕಿಗೆ ಕೊರೆದ ಬಾವಿಗಳು. ಪಂಪಿಲ್ಲ, ಕರೆಂಟಿಲ್ಲ, ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ.

‘ಮೊದಲ ನಮ್ಮ ಓಣಿ ಬಾವ್ಯಾಗ ಬೇಸಿಗ್ಯಾಗೂ ನೀರ್ ಇರ್ತಿತ್ತು’ ಅಂತ ಅವ್ವ ಹೇಳುತ್ತಿರುತ್ತಾಳೆ. ಈಗ ಆ ಬಾವಿ ಒಣಗಿದೆ, ಓಣಿಗೆ ಟ್ಯಾಂಕರ್ ಬರುತ್ತದೆ. ಕಳೆದ ದಶಕದಲ್ಲಿ ಕರೇಜಿನ ಹೂಳೆತ್ತುವ ಕೆಲಸ ನಡೆಯಿತು. ಆದರೆ ಹೂಳು ತೆಗೆದರಷ್ಟೇ ಸಾಲದು. ಮೇಲಿನ ಕೆಂಪು ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿ, ಸೈಟಿಗೊಂದು ಬೋರ್‌ವೆಲ್ ಕೊರೆದರೆ ಕಲ್ಲು ಹೀರುವುದಾದರೂ ಏನನ್ನು? ಝರಣಿ, ಝೀರಾ, ಕರೇಜ್ ಎಲ್ಲಕ್ಕೂ ಆಧಾರ ಅದೇ ಮಳೆ, ಅದೇ ಕಲ್ಲು. ನಮ್ಮಂತೆ ಹೊರಗೆ ದುಡಿದು ಊರಲ್ಲಿ ಸೈಟು ಕೊಳ್ಳುವವರು ಇದನ್ನು ತಿಳಿದಿರಬೇಕು. ಮನೆ ಕಟ್ಟಿಸುವಾಗ ಅಂಗಳದಲ್ಲಿ ಒಂದಿಷ್ಟು ಮಣ್ಣು ಬಿಡಿ, ತಾರಸಿಯ ನೀರಿಗೆ ಇಂಗುಗುಂಡಿ ತೋಡಿಸಿ.

ಹೊರಡುವ ಮುನ್ನ

* ಹೈದರಾಬಾದಿನಿಂದ ಸುಮಾರು 140 ಕಿ.ಮೀ. ಬೆಂಗಳೂರಿನವರು ರಾತ್ರಿ ರೈಲು ಹಿಡಿಯಬಹುದು.
* ಝರಣಿಯ ಸುರಂಗವನ್ನು ಆಗಾಗ ಮುಚ್ಚಿರುತ್ತಾರೆ, ಹೋಗುವ ಮೊದಲು ಊರಲ್ಲಿ ವಿಚಾರಿಸಿ. ಒಣ ಬಟ್ಟೆ ಜೊತೆಗಿರಲಿ.
* ಹನ್ನೊಂದರಿಂದ ನಾಲ್ಕರವರೆಗೆ ಮನೆಯಲ್ಲೇ ಇರಿ. ಮಜ್ಜಿಗೆ ಕುಡಿದು ಒಂದು ನಿದ್ದೆ ತೆಗೆಯಿರಿ.
* ನೌಬಾದಿನ ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ. ಪ್ಲಾಸ್ಟಿಕ್ ಬಾಟಲಿ ಮರಳಿ ಮನೆಗೆ ತನ್ನಿ.