ಕಪ್ಪು ಬಿಳುಪಿನ ನಗರ: ಚಿತ್ರದಲ್ಲಿ ಕಾಣದ ಜನ

ಹಳೆಯ ನಗರಗಳ ಕಪ್ಪು ಬಿಳುಪು ಛಾಯಾಚಿತ್ರಗಳನ್ನು ನೋಡಿ 'ಆಗ ಬೀದಿಗಳು ಎಷ್ಟು ನಿರ್ಜನವಾಗಿದ್ದವು!' ಎಂದು ಅಚ್ಚರಿಪಡುವವರುಂಟು. ಅನೇಕ ಚಿತ್ರಗಳಲ್ಲಿ ರಸ್ತೆಯಲ್ಲಿ ಜನರಿಲ್ಲ, ಆಕಾಶದಲ್ಲಿ ಮೋಡಗಳಿಲ್ಲ. ಇದು ನಗರದ ನಿಜಸ್ಥಿತಿಯೇ? ಅಥವಾ ಚಿತ್ರ ತೆಗೆದ ವಿಧಾನದ ಫಲವೇ?

ಫ್ರಾನ್ಸಿನ ಲೂಯಿ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ 'ಬುಲ್ವಾರ್ ದ್ಯು ತಾಂಪ್ಲ್' ಎಂಬ ಬೀದಿಯ ಚಿತ್ರವನ್ನು ಎತ್ತರದ ಕಿಟಕಿಯಿಂದ ತೆಗೆದ. ನಾಟಕಶಾಲೆಗಳಿದ್ದ, ಜನನಿಬಿಡ ರಸ್ತೆಯದು. ಚಿತ್ರದಲ್ಲಿ ಕಟ್ಟಡಗಳು, ಸಾಲುಮರಗಳು ಸ್ಪಷ್ಟವಾಗಿವೆ. ಆದರೆ ಗಾಡಿಗಳಿಲ್ಲ, ನಡೆದಾಡುವ ಜನರಿಲ್ಲ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ ಕಾಣುತ್ತಾನೆ. ಪಾಲಿಶ್ ಮಾಡುವವನ ಆಕೃತಿ ಮಸುಕಾಗಿದೆ. ಮನುಷ್ಯರು ಕಾಣುವ, ಈಗ ಉಳಿದಿರುವ ಛಾಯಾಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ.

ಉಳಿದವರು ಎಲ್ಲಿ ಹೋದರು? ಡಾಗೇರ್ ಬಳಸಿದ್ದು ಬೆಳ್ಳಿಯ ಲೇಪವಿದ್ದ ತಾಮ್ರದ ಫಲಕ. ಅಯೊಡೀನ್ ಆವಿಗೆ ಹಿಡಿದಾಗ ಅದರ ಮೇಲೆ ಬೆಳಕಿಗೆ ಸ್ಪಂದಿಸುವ ಸಿಲ್ವರ್ ಅಯೊಡೈಡ್ ಪದರ ಉಂಟಾಗುತ್ತದೆ. ಈ ಫಲಕವನ್ನು ಹಲವು ನಿಮಿಷ ಬೆಳಕಿಗೆ ಒಡ್ಡಬೇಕಿತ್ತು. 5 ನಿಮಿಷ, ಅಂದರೆ 300 ಸೆಕೆಂಡು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನಡೆಯುವ, ಅರ್ಧ ಮೀಟರ್ ಅಗಲದ ವ್ಯಕ್ತಿ ರಸ್ತೆಯ ಒಂದು ಬಿಂದುವನ್ನು ಮರೆಮಾಡುವುದು ಕೇವಲ ಅರ್ಧ ಸೆಕೆಂಡು. ಒಟ್ಟು ಕಾಲದ 600ರಲ್ಲಿ 1 ಭಾಗ! ಉಳಿದ 599 ಭಾಗದ ಕಾಲ ಫಲಕ ಕಾಣುವುದು ರಸ್ತೆಯನ್ನೇ. ನಿಂತವನು ಉಳಿದ, ನಡೆದವರು ಅಳಿಸಿಹೋದರು.

ಇನ್ನು ಆಕಾಶ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರ್ ಸುತ್ತಲಿನ ಹಳದಿಮಿಶ್ರಿತ ಹಸಿರು ಬೆಳಕಿಗೆ. ಹಳೆಯ ಫಲಕಗಳಾದರೋ ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ವಾಯುಮಂಡಲವು 450 ನ್ಯಾನೊಮೀಟರ್ ತರಂಗದೂರದ ನೀಲಿಯನ್ನು 650 ನ್ಯಾನೊಮೀಟರ್‌ನ ಕೆಂಪಿಗಿಂತ ಸುಮಾರು 4 ಪಟ್ಟು ಹೆಚ್ಚು ಚದರಿಸುತ್ತದೆ. ಹೀಗಾಗಿ ನೀಲಿ ಆಕಾಶವೂ ಬಿಳಿ ಮೋಡವೂ ಫಲಕದ ಮೇಲೆ ಒಂದೇ ಬಿಳುಪಾದವು. ಕೆಂಪು ಇಟ್ಟಿಗೆಯ ಗೋಡೆ ಇದ್ದುದಕ್ಕಿಂತ ಕಪ್ಪಾಯಿತು.

ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಇದಕ್ಕೆ ಪರಿಹಾರದ ದಾರಿ ತೋರಿಸಿದ. ಸೂಕ್ತ ಬಣ್ಣದ ರಾಸಾಯನಿಕ ಬೆರೆಸಿದರೆ ಫಲಕ ಹಸಿರಿಗೂ ಸ್ಪಂದಿಸುತ್ತದೆ. ಕೆಂಪಿಗೂ ಸ್ಪಂದಿಸುವ 'ಪ್ಯಾಂಕ್ರೊಮ್ಯಾಟಿಕ್' ಫಲಕಗಳು 1906ರಲ್ಲಿ ಮಾರಾಟಕ್ಕೆ ಬಂದವು. ಇಂಥ ಫಲಕದೊಡನೆ ಮಸೂರಕ್ಕೆ ಕೆಂಪು ಶೋಧಕ ಹಾಕಿದರೆ ಫಲಿತಾಂಶ ತಿರುವುಮುರುವು: ನೀಲಿ ಆಕಾಶ ಕಪ್ಪಾಗಿ ಮೋಡಗಳು ಎದ್ದು ಕಾಣುತ್ತವೆ, ಇಟ್ಟಿಗೆ ಗೋಡೆ ಬೆಳ್ಳಗಾಗುತ್ತದೆ.

ಹಳೆಯ ಕಟ್ಟಡವನ್ನು ಮೊದಲಿನಂತೆ ದುರಸ್ತಿ ಮಾಡುವವರು, ನಗರದ ಚರಿತ್ರೆ ಬರೆಯುವವರು ಇಂಥ ಚಿತ್ರಗಳನ್ನು ಸಾಕ್ಷ್ಯವಾಗಿ ಬಳಸುತ್ತಾರೆ. ಕಪ್ಪಾಗಿ ಕಂಡ ಗೋಡೆಗೆ ಗಾಢ ಬಣ್ಣ ಬಳಿಯುವ ಮುನ್ನ, ಖಾಲಿ ಕಂಡ ಬೀದಿಯಲ್ಲಿ ವ್ಯಾಪಾರವಿರಲಿಲ್ಲ ಎಂದು ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಬೇಕು: ಫಲಕ ಎಷ್ಟು ಹೊತ್ತು ತೆರೆದಿತ್ತು? ಯಾವ ಬಣ್ಣಗಳಿಗೆ ಸ್ಪಂದಿಸುತ್ತಿತ್ತು? ನಿಮ್ಮ ಊರಿನ ಹಳೆಯ ಚಿತ್ರ ಸಿಕ್ಕಿದರೆ ರಸ್ತೆಯ ಮೇಲೆ ಹೊಗೆಯಂಥ ಗೆರೆಗಳಿವೆಯೇ ಎಂದು ಮಸೂರ ಹಿಡಿದು ನೋಡಿ. ಅವು ಅಂದು ಅಲ್ಲಿ ನಡೆದುಹೋದವರ ಗುರುತಾಗಿರಬಹುದು.